ಹಸಿರು ತೆರೆಯ ಪಡಿಯಚ್ಚು

ಕನ್ನಡ ಎಂ.ಎ. ಓದಿ, ಮೂರು ದಶಕಗಳಿಗೂ ಮಿಕ್ಕು ಹಳಗನ್ನಡ ಕಾವ್ಯಗಳನ್ನೂ ಗ್ರಂಥಸಂಪಾದನಶಾಸ್ತ್ರವನ್ನೂ ಬೋಧಿಸಿ ನಿವೃತ್ತನಾದ ನನ್ನಂಥವನು ಗಣಕಯಂತ್ರದ ಆಟಗಳನ್ನು ಕುರಿತು ಮಾತನಾಡಲು ಹೊರಟರೆ ಕೇಳುಗರಿಗೆ ಆಶ್ಚರ್ಯವಾದೀತು. ಆಶ್ಚರ್ಯಕ್ಕೆ ಮೊದಲು ನಗು ಬಂದರೂ ತಪ್ಪಿಲ್ಲ. ಆದರೆ ಕಳೆದ ಚಳಿಗಾಲದಲ್ಲಿ ಬೆಂಗಳೂರಿನ ನನ್ನ ಸೋದರಳಿಯನ ಮನೆಯಲ್ಲಿ ಕಂಡ ಒಂದು ದೃಶ್ಯ ನನ್ನನ್ನು ಅಂದಿನಿಂದ ಬಿಟ್ಟಿಲ್ಲ. ಅವನ ಮೇಜಿನ ಮೇಲೆ ಹೊಚ್ಚ ಹೊಸ ಚಪ್ಪಟೆ ತೆರೆಯೊಂದಿತ್ತು. ಕೋಟಿಗಟ್ಟಲೆ ಬಣ್ಣಗಳನ್ನು ತೋರಿಸಬಲ್ಲ ಆ ತೆರೆಯ ತುಂಬ ಕಪ್ಪು ಹಿನ್ನೆಲೆ. ಅದರ ಮೇಲೆ ಬರಿಯ ಹಸಿರು ಅಕ್ಷರಗಳು. ಅಕ್ಷರಗಳ ಅಂಚು ತುಸು ಮಸುಕಾಗಿತ್ತು. ಒಂದು ಸಾಲು ಮೇಲಕ್ಕೆ ಸರಿದರೆ ಅದರ ಹಿಂದೆಯೇ ಮಂಕಾದ ಹಸಿರು ಬಾಲವೊಂದು ಕ್ಷಣಕಾಲ ನಿಂತು ಕರಗುತ್ತಿತ್ತು. ಅಳಿಯ ನನ್ನ ಕಡೆ ತಿರುಗಿ, “ಮಾವ, ನೀವು ಅಸಲಿಯನ್ನು ಕಣ್ಣಾರೆ ನೋಡಿದವರು. ಹೀಗೇ ಇತ್ತೆ? ಸರಿಯಾಗಿ ನೆನಪು ಮಾಡಿಕೊಂಡು ಹೇಳಿ” ಎಂದ.

ಇದು ನನಗೆ ಪರಿಚಿತವಾದ ಪ್ರಶ್ನೆ. ಮೂಲಪ್ರತಿ ಕಳೆದುಹೋಗಿ ಪ್ರತಿಯ ಪ್ರತಿಗಳಷ್ಟೇ ಉಳಿದಿರುವಾಗ, ಕವಿ ಬರೆದದ್ದು ಯಾವುದು, ಲಿಪಿಕಾರ ಸೇರಿಸಿದ್ದು ಯಾವುದು, ಓಲೆಯ ಹುಳು ತಿಂದದ್ದು ಯಾವುದು ಎಂದು ಬಿಡಿಸುವುದೇ ನನ್ನ ಜೀವಮಾನದ ಕಸುಬಾಗಿತ್ತು. ಈ ಹುಡುಗ ಮಾಡುತ್ತಿದ್ದುದೂ ಅದೇ. ಅವನಂಥವರು ಇಂದು ಜಗತ್ತಿನ ನಾನಾ ಕಡೆ ಇದ್ದಾರೆ. ಹಳೆಯ ಗಾಜಿನ ಕೊಳವೆಯ ತೆರೆಗಳನ್ನು ಮನೆಬಳಕೆಗಾಗಿ ತಯಾರಿಸುವುದು ಬಹುಮಟ್ಟಿಗೆ ನಿಂತೇಹೋಗಿದೆ; ಉಳಿದವು ಒಂದೊಂದಾಗಿ ಮಂಕಾಗುತ್ತಿವೆ. ಅವು ಪೂರ್ತಿ ಆರುವ ಮೊದಲು ಅವುಗಳ ಬೆಳಕಿನ ಗುಣವನ್ನು ಹೊಸ ತೆರೆಯ ಮೇಲೆ ಲೆಕ್ಕಾಚಾರದಿಂದ ಮರುಸೃಷ್ಟಿಸಿ, ಅಂದಿನ ಆಟಗಳನ್ನು ಅಂದಿನ ಕಣ್ಣಿನಿಂದಲೇ ಆಡಬೇಕೆಂಬುದು ಇವರ ಹಂಬಲ.

ಮೂಲ ಯಾವುದೆಂಬುದನ್ನು ಮೊದಲು ನೋಡಬೇಕು. 1981ರ ಆಗಸ್ಟ್ 12ರಂದು ಅಮೆರಿಕೆಯ ಐಬಿಎಂ ಸಂಸ್ಥೆ ತನ್ನ ‘ಪರ್ಸನಲ್ ಕಂಪ್ಯೂಟರ್’ ಅನ್ನು ಹೊರತಂದಿತು. ಕೊಳ್ಳುವವರಿಗೆ ತೆರೆಯ ವಿಷಯದಲ್ಲಿ ಎರಡು ದಾರಿಗಳಿದ್ದವು. ಒಂದು, ಬಣ್ಣದ ಕಾರ್ಡು. ಅದರಲ್ಲಿ ಚಿತ್ರ ಬರೆಯಬಹುದಾಗಿತ್ತು, ಆದರೆ ಅಕ್ಷರಗಳು ಒರಟಾಗಿದ್ದವು. ಇನ್ನೊಂದು, ಏಕವರ್ಣದ ಕಾರ್ಡು. ಇದು ಕಚೇರಿಯವರಿಗಾಗಿ ಮಾಡಿದ್ದು. ಮುದ್ರಣಯಂತ್ರವನ್ನು ಜೋಡಿಸುವ ವ್ಯವಸ್ಥೆಯೂ ಇದೇ ಕಾರ್ಡಿನಲ್ಲಿತ್ತು ಎಂದರೆ ಅದರ ಉದ್ದೇಶ ಗೊತ್ತಾಗುತ್ತದೆ. ಒಂದು ಸಾಲಿಗೆ 80 ಅಕ್ಷರದಂತೆ 25 ಸಾಲು, ಅಷ್ಟೇ. ಚಿತ್ರವೆಂಬುದು ಅದಕ್ಕೆ ತಿಳಿಯದು. ಆದರೆ ಅಕ್ಷರಗಳು ಮಾತ್ರ ಬಲು ಸ್ಫುಟ. ಒಂದೊಂದು ಅಕ್ಷರಕ್ಕೂ ಅಗಲದಲ್ಲಿ 9, ಎತ್ತರದಲ್ಲಿ 14 ಚುಕ್ಕೆಗಳ ಮನೆ. ಒಟ್ಟು ತೆರೆಗೆ ಅಡ್ಡಲಾಗಿ 720, ಉದ್ದಕ್ಕೆ 350 ಚುಕ್ಕೆಗಳು. ಈ ಕಾರ್ಡಿಗೆ ಜೊತೆಯಾಗಿ ಬಂದ ಹಸಿರು ತೆರೆಗೆ 5151 ಎಂಬ ಸಂಖ್ಯೆಯನ್ನಿತ್ತಿದ್ದರು. ಅದನ್ನು ಅಪ್ಪಿತಪ್ಪಿ ಬಣ್ಣದ ಕಾರ್ಡಿಗೆ ಜೋಡಿಸಿದರೆ ಒಳಗಿನ ಮಂಡಲ ಕೆಟ್ಟುಹೋಗುವ ಅಪಾಯವಿತ್ತು. ಅಷ್ಟು ಏಕನಿಷ್ಠೆಯ ವಸ್ತು!

ಹಸಿರೇ ಏಕೆ? ಗಾಜಿನ ಒಳಮೈಗೆ ಬಳಿದ ಹೊಳೆಯುವ ಪುಡಿಯ ಮೇಲೆ ಎಲೆಕ್ಟ್ರಾನುಗಳ ಕಿರಣ ಬಡಿದಾಗ ಬೆಳಕು ಹುಟ್ಟುತ್ತದೆ. ಆ ಪುಡಿಗೆ ಫಾಸ್ಫರ್ ಎಂದು ಹೆಸರು. ಹೆಸರು ರಂಜಕವನ್ನು ನೆನಪಿಸಿದರೂ ಅದರಲ್ಲಿ ರಂಜಕ ಇರಬೇಕೆಂದಿಲ್ಲ. ಈ ತೆರೆಯಲ್ಲಿದ್ದ ‘ಪಿ 39’ ಎಂಬ ಪುಡಿ ಸತುವಿನ ಸಿಲಿಕೇಟು. ಅದಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಮ್ಯಾಂಗನೀಸನ್ನೂ ಆರ್ಸೆನಿಕ್ಕನ್ನೂ ಬೆರೆಸಿರುತ್ತಾರೆ. ಅದರ ವಿಶೇಷ ಬಣ್ಣದಲ್ಲಿಲ್ಲ, ನಿಧಾನದಲ್ಲಿದೆ. ಕಿರಣ ಮುಂದಕ್ಕೆ ಹೋದ ಮೇಲೂ ಅದು ಕೆಲಹೊತ್ತು ಹೊಳೆಯುತ್ತಿರುತ್ತದೆ. ಈ ತೆರೆಯ ಚಿತ್ರ ಸೆಕೆಂಡಿಗೆ 50 ಬಾರಿ ಮಾತ್ರ ಹೊಸದಾಗುತ್ತಿತ್ತು. ಬೇಗ ಆರುವ ಪುಡಿಯಾಗಿದ್ದರೆ ದಿನವಿಡೀ ಪತ್ರ ಬೆರಳಚ್ಚಿಸುವವನ ಕಣ್ಣಿಗೆ ತೆರೆ ಮಿಟುಕಿದಂತೆ ಕಂಡು ತಲೆನೋವು ಬರುತ್ತಿತ್ತು. ಆದ್ದರಿಂದ ನಿಧಾನವಾಗಿ ಆರುವುದನ್ನೇ ಆರಿಸಿದರು. ಅದರ ಫಲವೇ ಅಳಿಯನ ತೆರೆಯ ಮೇಲೆ ನಾನು ಕಂಡ ಆ ಬಾಲ. ಕಚೇರಿಯ ಪತ್ರದಲ್ಲಿ ಅದು ಗಮನಕ್ಕೆ ಬಾರದ ಸಣ್ಣ ದೋಷ. ಓಡುವ, ಹಾರುವ ಆಟದಲ್ಲಿ ಅದೇ ಎದ್ದು ಕಾಣುವ ಗುಣ. ಕಿತ್ತಳೆ ಬೆರೆತ ಹಳದಿಯ ತೆರೆಗಳೂ, ಬಿಳಿಯವೂ ಬೇರೆ ತಯಾರಕರಿಂದ ಬಂದವು. ಹಳದಿಯೇ ಕಣ್ಣಿಗೆ ಹಿತವೆಂದು ವಾದಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಾನು ಹಸಿರಿನ ಪಕ್ಷದವನು. ಕಾರಣ ಕೇಳಿದರೆ ಅಭ್ಯಾಸವೆನ್ನದೆ ಬೇರೆ ಹೇಳಲಾರೆ.

ಅಕ್ಷರಗಳ ಮನೆಯ ವಿಷಯದಲ್ಲಿ ಅಳಿಯ ತೋರಿಸಿಕೊಟ್ಟ ಒಂದು ಸೂಕ್ಷ್ಮ ನನ್ನ ಮನಸ್ಸನ್ನು ಬಹಳ ಹಿಡಿಯಿತು. ಕಾರ್ಡಿನೊಳಗೆ ಕೊರೆದಿಟ್ಟ ಅಕ್ಷರದ ಅಗಲ ವಾಸ್ತವವಾಗಿ 8 ಚುಕ್ಕೆ ಮಾತ್ರ. ಒಂಬತ್ತನೆಯದು ಖಾಲಿ; ಅಕ್ಷರ ಅಕ್ಷರಕ್ಕೆ ಅಂಟದಿರಲೆಂದು ಬಿಟ್ಟ ಅವಕಾಶ. ಆದರೆ ಚೌಕಟ್ಟು ಎಳೆಯುವ ಗೆರೆಗಳೂ ಅದೇ ಅಕ್ಷರಮಾಲೆಯಲ್ಲಿದ್ದವಲ್ಲ, ಅವುಗಳ ನಡುವೆ ಖಾಲಿ ಬಿಟ್ಟರೆ ಗೆರೆ ತುಂಡುತುಂಡಾಗುತ್ತದೆ. ಆದ್ದರಿಂದ ಆ ಗುಂಪಿನ ಚಿಹ್ನೆಗಳಿಗೆ ಮಾತ್ರ ಎಂಟನೆಯ ಚುಕ್ಕೆಯನ್ನೇ ಒಂಬತ್ತನೆಯ ಸ್ಥಾನದಲ್ಲಿ ಮತ್ತೊಮ್ಮೆ ಬರೆಯುವಂತೆ ಮಾಡಿದ್ದರು. ಈ ನಿಯಮವನ್ನರಿಯದೆ ಪಡಿಯಚ್ಚು ತೆಗೆದವರ ಆಟಗಳಲ್ಲಿ ಕೋಟೆಗೋಡೆಗಳು ಬಿರುಕುಬಿಟ್ಟು ನಿಲ್ಲುತ್ತವೆ.

ಕೋಟೆಗೋಡೆ ಎಂದೆನಲ್ಲ, ಚಿತ್ರ ಬರೆಯಲಾರದ ತೆರೆಯ ಮೇಲೆ ಕೋಟೆ ಹೇಗೆ ಬಂತು? ಅಕ್ಷರಗಳಿಂದಲೇ. 1980ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾದ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಎಂಬುವರು ‘ರೋಗ್’ ಎಂಬ ಆಟವನ್ನು ರಚಿಸಿದರು. ನೆಲಮಾಳಿಗೆಯ ಕೋಣೆಗಳಲ್ಲಿ ಅಲೆಯುತ್ತ, ರಾಕ್ಷಸರೊಡನೆ ಕಾದಾಡುತ್ತ, ತೀರ ಆಳದಲ್ಲಿರುವ ತಾಯಿತವೊಂದನ್ನು ತರಬೇಕು. ರಾಕ್ಷಸರೆಂದರೆ ಇಂಗ್ಲಿಷಿನ 26 ದೊಡ್ಡಕ್ಷರಗಳು. ಆಡುವವನು ಇ-ಅಂಚೆಯ ವಿಳಾಸದ ನಡುವೆ ಬರುವ, ಬಾಲ ಸುತ್ತಿಕೊಂಡ ಆ ಚಿಹ್ನೆ. ಐಬಿಎಂ ಯಂತ್ರಕ್ಕೆ ಬಂದಾಗ ಅವನಿಗೊಂದು ನಗುಮೊಗ ದೊರೆಯಿತು. ಗೋಡೆಗಳಿಗೆ ಜೋಡಿಗೆರೆ ದೊರೆಯಿತು. ಪ್ರತಿ ಸಲವೂ ಕೋಣೆಗಳ ವಿನ್ಯಾಸ ಬದಲಾಗುತ್ತದೆ. ಸತ್ತರೆ ಮತ್ತೆ ಮೊದಲಿನಿಂದಲೇ. ಒಂದೇ ಅಕ್ಷರ ಮೂಲೆಯಿಂದ ನಮ್ಮತ್ತ ಹೆಜ್ಜೆ ಹೆಜ್ಜೆಯಾಗಿ ಬರುವಾಗ ಎದೆ ಹೊಡೆದುಕೊಳ್ಳುತ್ತದೆ ಎಂದರೆ ನಂಬಿರಿ. ಸಾಹಿತ್ಯದ ವಿದ್ಯಾರ್ಥಿಗೆ ಇದರಲ್ಲಿ ಆಶ್ಚರ್ಯವೇನೂ ಇರಬಾರದು.

ನಾನು ಈ ಆಟವನ್ನು ಕಂಡದ್ದು 1988ರಲ್ಲಿ. ನಾನು ಆಗ ಪಾಠ ಹೇಳುತ್ತಿದ್ದ ಕಾಲೇಜಿಗೆ ಒಂದು ಗಣಕ ಬಂದಿತ್ತು. ಬಣ್ಣದ ತೆರೆ ದುಬಾರಿಯಾದ್ದರಿಂದ ಅಂದು ನಮ್ಮ ಕಡೆ ಕಾಣುತ್ತಿದ್ದುದು ಹೆಚ್ಚಾಗಿ ಏಕವರ್ಣದ ತೆರೆಗಳೇ. ಯಂತ್ರದ ಕೋಣೆಯ ಬೀಗದ ಕೈ ಗಣಿತದ ಅಧ್ಯಾಪಕರೊಬ್ಬರ ಬಳಿ ಇರುತ್ತಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ದೇವರ ಮನೆಯಷ್ಟೇ ಮಡಿ. ಅವರು ನನಗಿಂತ ಎಂಟು ವರ್ಷ ಹಿರಿಯರು, ಮಿತಭಾಷಿ. ಒಂದು ಕಾವ್ಯದ ಪದಸೂಚಿಯನ್ನು ಯಂತ್ರದಿಂದ ತಯಾರಿಸಬಹುದೇ ಎಂದು ನಾನು ಕೇಳಿದಾಗ, ಸಂಜೆ ಐದರ ಮೇಲೆ ಬನ್ನಿ ಎಂದರು. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ‘ರೋಗ್’ ಆಡುವುದು ನಮ್ಮಿಬ್ಬರ ನಡುವಿನ ಅಲಿಖಿತ ಒಪ್ಪಂದವಾಯಿತು. ಆ ತಾಯಿತದ ದರ್ಶನ ನಮ್ಮಿಬ್ಬರಿಗೂ ಆಗಲೇ ಇಲ್ಲ.

ಪದಸೂಚಿಯ ಕೆಲಸವೆಂದೆ. ಅದನ್ನು ಮಾಡಿದ ಬಗೆಯನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಏಕವರ್ಣದ ಕಾರ್ಡಿನಲ್ಲಿ 256 ಚಿಹ್ನೆಗಳನ್ನು ತಯಾರಕರೇ ಶಾಶ್ವತವಾಗಿ ಕೊರೆದಿಟ್ಟಿದ್ದರು, ಬದಲಾಯಿಸುವ ಹಾಗಿಲ್ಲ. ಅದರಲ್ಲಿ ಇಂಗ್ಲಿಷ್ ಇತ್ತು, ಯೂರೋಪಿನ ಸ್ವರಚಿಹ್ನೆಗಳಿದ್ದವು, ಗಣಿತಕ್ಕೆ ಬೇಕಾದ ಗ್ರೀಕ್ ಅಕ್ಷರಗಳಿದ್ದವು, ನಗುವ ಮುಖ ಎರಡಿದ್ದವು. ಇಸ್ಪೀಟಿನ ನಾಲ್ಕು ಗುರುತುಗಳಿಗೂ ಜಾಗವಿತ್ತು. ಕನ್ನಡದ ಒಂದಕ್ಷರಕ್ಕೂ ಇರಲಿಲ್ಲ. ಸಾವಿರ ವರ್ಷದ ಕಾವ್ಯವನ್ನು ನಾನು ರೋಮನ್ ಅಕ್ಷರದಲ್ಲಿ, ಮಹಾಪ್ರಾಣಕ್ಕೊಂದು ಮೂರ್ಧನ್ಯಕ್ಕೊಂದು ಸಂಕೇತ ಕಲ್ಪಿಸಿಕೊಂಡು ಬೆರಳಚ್ಚಿಸಿದೆ. ಳಕಾರಕ್ಕೆ ಇಂಗ್ಲಿಷಿನ ದೊಡ್ಡಕ್ಷರವಾದರೂ ದೊರೆಯಿತು. ಹಳಗನ್ನಡದ ಱಕಾರ, ೞಕಾರಗಳಿಗೆ ಅಂಕಿಗಳನ್ನು ಕೊಡಬೇಕಾಯಿತು. ಆಟದ ರಾಕ್ಷಸರೂ ನನ್ನ ಕವಿಯೂ ಒಂದೇ ಲಿಪಿಯಲ್ಲಿ, ಒಂದೇ ಹಸಿರಿನಲ್ಲಿ ಆ ತೆರೆಯ ಮೇಲೆ ಸುಳಿದಾಡಿದರು.

ಈ ಸಂಕಟ ನನ್ನೊಬ್ಬನದಾಗಿರಲಿಲ್ಲ; ನನಗಿಂತ ಮೊದಲೇ ಅದನ್ನು ಅನುಭವಿಸಿದ ಒಬ್ಬ ಮಹನೀಯನಿದ್ದ ಎಂಬುದು ನನಗೆ ತಿಳಿದದ್ದು ಈಚೆಗೆ, ಅಳಿಯನಿಂದ. ಥಾಯ್ಲೆಂಡಿನಿಂದ ಅಮೆರಿಕೆಗೆ ಹೋಗಿ ಸಂಶೋಧನೆ ನಡೆಸುತ್ತಿದ್ದ ವ್ಯಾನ್ ಸುವನ್ನುಕುಲ್ ಎಂಬಾತ ತನ್ನ ಪ್ರೌಢಪ್ರಬಂಧವನ್ನು ಐಬಿಎಂ ಯಂತ್ರದಲ್ಲಿ ಥಾಯ್ ಲಿಪಿಯಲ್ಲೇ ಬರೆಯಬೇಕೆಂದು ಬಯಸಿದ. (ಆತನ ಹೆಸರಿನಲ್ಲಿ ನಮ್ಮ ಸುವರ್ಣವೂ ಕುಲವೂ ಇರುವಂತೆ ನನ್ನ ಕಿವಿಗೆ ಕೇಳಿಸುತ್ತದೆ.) ಏಕವರ್ಣದ ಕಾರ್ಡಿನಲ್ಲಿ ಅಕ್ಷರಗಳು ಬದಲಾಗವು, ಬಣ್ಣದ ಕಾರ್ಡಿನಲ್ಲಿ ಚುಕ್ಕೆಗಳು ಸಾಲವು. ಥಾಯ್ ಲಿಪಿಯೋ ವ್ಯಂಜನದ ತಲೆಯ ಮೇಲೆ ಸ್ವರ, ಸ್ವರದ ಮೇಲೆ ಧ್ವನಿಯ ಏರಿಳಿತದ ಗುರುತು, ಕಾಲಡಿಯಲ್ಲಿ ಇನ್ನೊಂದು ಸ್ವರ ಎಂದು ಅಂತಸ್ತುಗಳಲ್ಲಿ ನಿಲ್ಲುವ ಲಿಪಿ. ಪಲ್ಲವ ಲಿಪಿಯಿಂದ ಖ್ಮೇರ್ ಲಿಪಿಯ ಮೂಲಕ ಇಳಿದುಬಂದ ಅದು ಬ್ರಾಹ್ಮಿಯ ಸಂತಾನವೇ. ನಮ್ಮ ಲಿಪಿಗೆ ದೂರದ ದಾಯಾದಿ. 9 ಅಗಲ 14 ಎತ್ತರದ ಮನೆಯಲ್ಲಿ ಅದಕ್ಕೂ ಬಾಳು ಸಾಧ್ಯವಿರಲಿಲ್ಲ. ಆತ ಬೇಡುತ್ತ ಕೂರಲಿಲ್ಲ. 1982ರಲ್ಲಿ ತಾನೇ ಒಂದು ಕಾರ್ಡನ್ನು ರೂಪಿಸಿದ. ಐಬಿಎಂ ಕಾರ್ಡಿನಂತೆಯೇ ಸ್ಫುಟವಾದ ಅಕ್ಷರಗಳು. ಜೊತೆಗೆ ಅದೇ ಹಸಿರು ತೆರೆಯ ಮೇಲೆ 720ಕ್ಕೆ 348ರಂತೆ ಎರಡೂವರೆ ಲಕ್ಷ ಚುಕ್ಕೆಗಳಲ್ಲಿ ಯಾವುದನ್ನು ಬೇಕಾದರೂ ಬೇರೆ ಬೇರೆಯಾಗಿ ಬೆಳಗಿಸುವ ಸ್ವಾತಂತ್ರ್ಯ. ಅದಕ್ಕೆ ಹರ್ಕ್ಯುಲಿಸ್ ಎಂದು ಹೆಸರಾಯಿತು. ಕಾರ್ಡು ಎಷ್ಟು ಪ್ರಸಿದ್ಧವಾಯಿತೆಂದರೆ ಇತರ ತಯಾರಕರು ಅದರ ಅನುಕರಣೆಗಳನ್ನು ಮಾಡಿ ಎಲ್ಲೆಡೆ ಹರಡಿದರು.

ಆಟಗಾರರು ಅದನ್ನು ಬಿಟ್ಟಾರೆಯೆ? ಚಿತ್ರದ ಆಟಗಳು ಬಣ್ಣದ ಕಾರ್ಡಿಗೆಂದು ಬರೆದವು. ಏಕವರ್ಣದ ಯಂತ್ರವುಳ್ಳವರು ಅವನ್ನು ಕೇವಲ ಜಾಹೀರಾತಿನಲ್ಲಿ ನೋಡಬೇಕಾಗಿತ್ತು. ಹರ್ಕ್ಯುಲಿಸ್ ಕಾರ್ಡನ್ನು ಬಣ್ಣದ ಕಾರ್ಡಿನಂತೆ ನಟಿಸುವ ಹಾಗೆ ಮಾಡುವ ಪುಟ್ಟ ಕ್ರಮವಿಧಿಗಳು ಹುಟ್ಟಿಕೊಂಡವು. ಬಣ್ಣಗಳು ಚುಕ್ಕೆಗಳ ಒತ್ತಣೆ ತೆಳುವಣೆಗಳಾಗಿ ವೇಷ ಬದಲಿಸಿದವು. ಕ್ರಮೇಣ ಆಟದ ಕರ್ತೃಗಳೇ ಹರ್ಕ್ಯುಲಿಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡರು: 1989ರ ‘ಸಿಮ್‌ಸಿಟಿ’ ಹಾಗೆ ಬಂತು, ‘ಪ್ರಿನ್ಸ್ ಆಫ್ ಪರ್ಷಿಯಾ’ 1990ರಲ್ಲಿ ಐಬಿಎಂ ಯಂತ್ರಗಳಿಗೆ ಬಂದಾಗ ಅದೂ ಹಾಗೆಯೇ ಬಂತು. ಜಾರ್ಡನ್ ಮೆಕ್ನರ್ ತನ್ನ ತಮ್ಮನ ಓಟ ನೆಗೆತಗಳನ್ನು ಚಿತ್ರೀಕರಿಸಿಕೊಂಡು, ಅವುಗಳ ಮೇಲೆ ರೂಪಿಸಿದ ಆ ರಾಜಕುಮಾರ ಹಸಿರು ತೆರೆಯಲ್ಲಿ ಕಂದಕವನ್ನು ಹಾರಿದರೆ, ಅವನ ಹಿಂದೆ ಅವನದೇ ಮಸುಕಾದ ಛಾಯೆ ಗಾಳಿಯಲ್ಲಿ ಉಳಿಯುತ್ತಿತ್ತು. ಕರ್ತೃ ಉದ್ದೇಶಿಸದ, ಆದರೆ ಸಾವಿರಾರು ಮಂದಿ ಕಂಡ ಆ ಛಾಯೆ ಆಟದ ಪಾಠವೋ, ಪ್ರಕ್ಷಿಪ್ತವೋ? ನಾನು ತರಗತಿಯಲ್ಲಿ ಕೇಳಬಹುದಾಗಿದ್ದ ಪ್ರಶ್ನೆ ಇದು. ಪಾಠವೇ ಎಂದು ನನ್ನ ತೀರ್ಮಾನ. ಓದುಗನ ಕೈಗೆ ಬಂದ ಪ್ರತಿಯೇ ಅವನಿಗೆ ಕಾವ್ಯ.

ಇನ್ನು ಪಡಿಯಚ್ಚಿನ ಕೆಲಸ. 2002ರಲ್ಲಿ ಬಂದ ‘ಡಾಸ್‌ಬಾಕ್ಸ್’ ಎಂಬ ತಂತ್ರಾಂಶ ಇಂದಿನ ಯಂತ್ರದೊಳಗೆ ಅಂದಿನ ಯಂತ್ರವೊಂದನ್ನು ಕಲ್ಪಿಸಿಕೊಡುತ್ತದೆ. ಅದಕ್ಕೆ ಹರ್ಕ್ಯುಲಿಸ್ ಆಗು ಎಂದರೆ ಆಗುತ್ತದೆ. ಎಫ್ 11 ಕೀಲಿಯೊತ್ತಿದರೆ ಹಸಿರು, ಹಳದಿ, ಬಿಳಿ ಎಂದು ಬಣ್ಣವನ್ನೂ ಬದಲಿಸುತ್ತದೆ. ಆದರೆ ಬಣ್ಣ ಬಳಿದ ಮಾತ್ರಕ್ಕೆ ಮುಗಿಯಲಿಲ್ಲ. ಹಳೆಯ ತೆರೆಯ ಚುಕ್ಕೆ ಚೌಕವಲ್ಲ. ನಾಲ್ಕಕ್ಕೆ ಮೂರರ ಪ್ರಮಾಣದ ಗಾಜಿನಲ್ಲಿ 720ಕ್ಕೆ 350 ಚುಕ್ಕೆ ಹಿಡಿಸಬೇಕಾದರೆ ಪ್ರತಿ ಚುಕ್ಕೆಯೂ ಅಗಲಕ್ಕಿಂತ ಒಂದೂವರೆಯಷ್ಟು ಎತ್ತರವಿರಬೇಕು. ಹೊಸ ತೆರೆಯ ಚೌಕ ಚುಕ್ಕೆಗಳಲ್ಲಿ ಹಾಗೆಯೇ ಬಿಟ್ಟರೆ ಅಕ್ಷರಗಳು ಕುಳ್ಳಾಗಿ, ತುಳಿದಂತೆ ಕಾಣುತ್ತವೆ. ಹಳೆಯದರಲ್ಲಿ ಪ್ರಖರವಾದ ಚುಕ್ಕೆ ಸ್ವಲ್ಪ ಹಿಗ್ಗಿ ನೆರೆಯ ಮೇಲೆ ಚೆಲ್ಲುತ್ತಿತ್ತು, ಅದನ್ನೂ ಲೆಕ್ಕಿಸಬೇಕು. ಎಲ್ಲಕ್ಕಿಂತ ಕಷ್ಟವಾದದ್ದು ಆರುವ ಗತಿ. ಪ್ರತಿ ಹೊಸ ಚಿತ್ರದ ಅಡಿಯಲ್ಲಿ ಹಿಂದಿನ ಚಿತ್ರದ ಒಂದಂಶವನ್ನು ಉಳಿಸಿ, ಅದರ ಅಡಿಯಲ್ಲಿ ಅದರ ಹಿಂದಿನದರ ಅಂಶವನ್ನು ಉಳಿಸಿ, ಹೀಗೆ ತೆಳುವಾಗಿಸುತ್ತ ಹೋಗಬೇಕು. ಹಳೆಯದು ಸೆಕೆಂಡಿಗೆ 50, ಇಂದಿನ ಸಾಮಾನ್ಯ ತೆರೆ 60. ಈ ಎರಡು ತಾಳಗಳನ್ನು ಹೊಂದಿಸುವುದು ಬೇರೊಂದು ಪಾಡು.

ಆರುವ ಗತಿಯನ್ನು ಗೊತ್ತುಮಾಡುವುದಕ್ಕೇ ಅಳಿಯ ನನ್ನನ್ನು ಸಾಕ್ಷಿಗೆ ಕರೆದದ್ದು. “ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತಿತ್ತಪ್ಪ” ಎಂದೆ. ಹೆಚ್ಚಿಸಿದ. “ಇನ್ನೂ ಸ್ವಲ್ಪ.” ಮತ್ತೆ ಹೆಚ್ಚಿಸಿದ. ಈಗ ಸರಿಯಾಯಿತೆಂದು ನಾನು ಘೋಷಿಸಿದ ಮೇಲೆ, ತನ್ನ ಗೆಳೆಯನೊಬ್ಬನ ಬಳಿ ಇನ್ನೂ ಉರಿಯುತ್ತಿರುವ ಅಸಲಿ ತೆರೆಯನ್ನು ನಿಧಾನಗತಿಯಲ್ಲಿ ಚಿತ್ರೀಕರಿಸಿದ್ದನ್ನು ತೋರಿಸಿದ. ನಾನು ಆಣೆಯಿಟ್ಟು ಹೇಳಿದ್ದರ ಮೂರರಲ್ಲೊಂದು ಪಾಲು ಕಾಲದಲ್ಲೇ ಬಾಲ ಕರಗಿತ್ತು. ಕಂಠಪಾಠದ ಬಲದಿಂದ ಪದ್ಯ ತಿದ್ದುವ ಪಂಡಿತರನ್ನು ನಾನು ಎಷ್ಟು ಕಟುವಾಗಿ ಟೀಕಿಸಿದ್ದೆನೋ ಅಷ್ಟೂ ನನಗೇ ತಿರುಗಿಬಂತು. ಅಂಥ ಅತಿಶಯೋಕ್ತಿ ನನ್ನೊಬ್ಬನದೂ ಅಲ್ಲ. ಈ ಹವ್ಯಾಸಿಗಳಲ್ಲಿ ಕೆಲವರು ತೆರೆಯನ್ನು ಗೋಲಿಯಂತೆ ಉಬ್ಬಿಸಿ, ದಪ್ಪ ಗೆರೆಗಳನ್ನೆಳೆದು, ಇರದ ಮಿಟುಕನ್ನೂ ಸೇರಿಸುತ್ತಾರೆ. ಅದು ಹಳತಲ್ಲ, ಹಳತಿನ ವೇಷ. ಐಬಿಎಂ ತೆರೆ ಅದರ ಕಾಲದಲ್ಲಿ ಮೆಚ್ಚುಗೆ ಪಡೆದದ್ದು ಅದು ನಿಶ್ಚಲವೂ ಸ್ಪಷ್ಟವೂ ಆಗಿತ್ತೆಂಬ ಕಾರಣಕ್ಕೆ.

ನಮ್ಮ ಲಿಪಿಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೇನೆ. ಐಐಟಿ ಕಾನ್ಪುರದಲ್ಲಿ ಆರಂಭವಾಗಿ ಪುಣೆಯ ಸಿ-ಡಾಕ್‌ನಲ್ಲಿ ಬೆಳೆದ ‘ಜಿಸ್ಟ್’ ಕಾರ್ಡು ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳನ್ನು ಇಂಥ ಯಂತ್ರಗಳಿಗೆ ತಂದಿತು. 1991ರಲ್ಲಿ ಭಾರತೀಯ ಲಿಪಿಗಳ ಸಂಕೇತಮಾನಕ ಪ್ರಕಟವಾಯಿತು, ಅದೇ ವರ್ಷ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡವೂ ಸೇರಿತು. ನಮ್ಮ ಕಾಲೇಜಿಗೆ ಅವಾವುವೂ ಬರುವ ಮೊದಲು, 1989ರ ಒಂದು ಸಂಜೆ, ಗಣಿತದ ಮಿತ್ರರು ತಾವಾಗಿ ಕೇಳಿದರು: “ನಿಮ್ಮ ಕನ್ನಡದಲ್ಲಿ ಬರೆಯಲು ತೀರ ಕಷ್ಟವಾದ ಹೆಸರು ಯಾವುದು, ಮೇಷ್ಟ್ರೆ?” ನಾನು ‘ಲಕ್ಷ್ಮೀಶ’ ಎಂದೆ. ನಮ್ಮ ಯಂತ್ರದಲ್ಲಿದ್ದುದು ಹರ್ಕ್ಯುಲಿಸ್ಸಿನ ಅನುಕರಣೆಯ ಕಾರ್ಡು. ಅವರು ಗ್ರಾಫ್ ಹಾಳೆ ತಂದು ನನ್ನ ಕೈಯಲ್ಲಿ ಅಕ್ಷರ ಬರೆಸಿಕೊಂಡು, ತಾವು ಸೀಸದ ಕಡ್ಡಿಯಿಂದ ಮನೆ ಮನೆ ತುಂಬಿದರು. ಕ್ಷ್ಮೀ ಎಂಬ ಒಂದಕ್ಷರಕ್ಕೆ, ಅದರ ಎರಡು ಒತ್ತುಗಳೂ ಬಿಡಿಯಾಗಿ ಕಾಣಬೇಕಾದರೆ, 26 ಚುಕ್ಕೆಗಳ ಎತ್ತರ ಬೇಕಾಯಿತು. ಆ ಲೆಕ್ಕದಲ್ಲಿ ತೆರೆಗೆ 25ರ ಬದಲು 13 ಸಾಲು. ಟರ್ಬೊ ಪಾಸ್ಕಲ್ ಭಾಷೆಯಲ್ಲಿ ಅವರು ಬರೆದ ಕ್ರಮವಿಧಿ ಮೂರನೆಯ ಸಂಜೆ ಕವಿಯ ಹೆಸರನ್ನು ಹಸಿರಿನಲ್ಲಿ ಬರೆಯಿತು. ಅಂದು ನಾವು ‘ರೋಗ್’ ಆಡಲಿಲ್ಲ.

ಆ ಫ್ಲಾಪಿ ಬೂಷ್ಟು ಹಿಡಿದು ಎಂದೋ ಹೋಯಿತು. ಮಿತ್ರರೂ ಈಗಿಲ್ಲ. ಗ್ರಾಫ್ ಹಾಳೆಗಳು ಮಾತ್ರ ನನ್ನ ಜೈಮಿನಿ ಭಾರತದ ಪ್ರತಿಯೊಳಗೆ ಉಳಿದಿದ್ದವು. ಮುಂದಿನ ಬಾರಿ ಬೆಂಗಳೂರಿಗೆ ಹೋದಾಗ ಅವನ್ನು ಅಳಿಯನಿಗೆ ಕೊಟ್ಟೆ. ಅವನು ಒಂದು ಭಾನುವಾರವಿಡೀ ಕುಳಿತು, ಮನೆ ಮನೆ ಎಣಿಸಿ, ಕಲ್ಪಿತ ಹರ್ಕ್ಯುಲಿಸ್ ಯಂತ್ರದಲ್ಲಿ ಅವುಗಳನ್ನು ತುಂಬಿದ. ಹೆಸರು ತೆರೆಯ ಮೇಲೆ ಮೂಡಿತು. ಮಕಾರದ ಒತ್ತಿನ ತುದಿಯಲ್ಲಿ ಒಂದು ಚುಕ್ಕೆ ತಪ್ಪಿ ಪಕ್ಕದ ಮನೆಗೆ ಸರಿದಿತ್ತು. ಹಾಳೆಯನ್ನು ನೋಡಿದೆವು, ಸೀಸದ ಗುರುತು ಅಲ್ಲಿಯೇ ಇತ್ತು. “ಸರಿಮಾಡಲೇ, ಮಾವ?” ಎಂದು ಕೇಳಿದ.

“ಬೇಡ, ಅದು ಅವರ ಕೈ” ಎಂದೆ.

ಅವನು ಒಂದು ಕೀಲಿಯನ್ನೊತ್ತಿ ತೆರೆಯನ್ನು ಅಳಿಸಿದ. ಗೆಳೆಯನ ತೆರೆಯಿಂದ ಅಳೆದು ತಂದ ಗತಿಯಲ್ಲಿ, ನನ್ನ ನೆನಪಿನ ಗತಿಯಲ್ಲಲ್ಲ, ಲಕ್ಷ್ಮೀಶನ ಹೆಸರು ಕಪ್ಪಿನಲ್ಲಿ ಕರಗಿತು.